ಗಾಣಿಗನ ಕೂಗು

"ಗುರುಗಳೇ, ಒಂದು ಹೊಲಸು ಮಾತನ್ನು ಊರಿಗೆ ಊರೇ ಆಡುವುದನ್ನು ಬಿಟ್ಟರೆ, ಅದು ಮಾಡಿದ ಗಾಯವೂ ಮಾಯುತ್ತದಲ್ಲವೇ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಹೊಳೆದಂಡೆಯ ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಮನೆಗೆ ಎಳ್ಳು ಕೇರಲು ಒಬ್ಬ ವಿಧವೆ ಬರುತ್ತಿದ್ದಳು. ಬೇರೆ ಊರಿನಿಂದ ಮದುವೆಯಾಗಿ ಬಂದವಳು. ಬಂದ ವರ್ಷವೇ ಗಂಡನನ್ನು ಕಳೆದುಕೊಂಡಳು. ಅಂದಿನಿಂದ ಊರವರಿಗೆ ಅವಳು ಬರೀ 'ಮುಂಡೆ'. ಗಾಣಿಗನೂ ಹಾಗೆಯೇ ಕರೆದ. "ಏ ಮುಂಡೆ, ಎಳ್ಳು ಹಸನಾಯಿತೇನೇ?" ಎಂದು ಅವನು ಒಳಗಿನಿಂದ ಕೂಗಿದರೆ ಅವಳು ಓಗೊಡುತ್ತಿದ್ದಳು. ಗಾಣಿಗ ಕೆಟ್ಟವನಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದ, ಜ್ವರ ಬಂದರೆ ಗಂಜಿ ಕಳಿಸುತ್ತಿದ್ದ. ಹೀಗೇ ಹದಿನೈದು ವರ್ಷ ಕಳೆಯಿತು.

ಆಮೇಲೆ ಊರಗೌಡನ ಮಗಳು ಗಂಡ ಸತ್ತು ತವರಿಗೆ ಬಂದಳು. ನೀರಿಗೆ ಹೋದಾಗ ಯಾರೋ ಅವಳ ಬೆನ್ನ ಹಿಂದೆ ಅದೇ ಮಾತನ್ನಾಡಿದರು. ಮಗಳು ಬರಿಗೊಡ ಹೊತ್ತು ಮರಳಿದಳು; ಎರಡು ದಿನ ಅನ್ನ ಮುಟ್ಟಲಿಲ್ಲ. ತಾನು ಜೀವಮಾನವಿಡೀ ಆಡಿಕೊಂಡು ಬಂದ ಮಾತು ಎಂಥದೆಂದು ಗೌಡನಿಗೆ ಅಂದು ತಿಳಿಯಿತು. ಇನ್ನು ಮುಂದೆ ಯಾರೂ ಆ ಮಾತನ್ನು ಆಡಕೂಡದು, ಆಡಿದವರ ಮನೆಗೆ ಒಂದು ತಿಂಗಳು ಬೆಂಕಿ ನೀರು ಕೊಡಕೂಡದು ಎಂದು ಡಂಗುರ ಹೊಡೆಸಿದ. ಅಪ್ಪಣೆ ನ್ಯಾಯವಾದದ್ದೇ. ಜನ ಅಂಜಿ ನಾಲಗೆ ಬಿಗಿಹಿಡಿದರು.

ಗೌಡನ ಮಗಳನ್ನು 'ಅಮ್ಮನವರು' ಎಂದರು. ಎಳ್ಳು ಕೇರುವವಳನ್ನು ಏನೆನ್ನಬೇಕೆಂದು ಡಂಗುರದವನು ಹೇಳಿರಲಿಲ್ಲ. ಗಾಣಿಗ ಮೊದಮೊದಲು ಕೆಮ್ಮಿದ, ಚಪ್ಪಾಳೆ ತಟ್ಟಿದ. ಕಡೆಗೆ ಎಳ್ಳಿನ ಮೊರವನ್ನು ಜಗಲಿಯ ಮೇಲಿಟ್ಟು ಸುಮ್ಮನೆ ಒಳಗೆ ಹೋಗುವುದು ರೂಢಿಯಾಯಿತು.

ಒಂದು ದಿನ ಅವಳೇ ಕೇಳಿದಳು. "ನನ್ನಿಂದ ಏನಾದರೂ ತಪ್ಪಾಯಿತೇ, ಯಜಮಾನರೇ? ಈಗ ನೀವು ಮಾತೇ ಆಡುವುದಿಲ್ಲ."

"ತಪ್ಪೇನಿಲ್ಲ. ಕೆಲಸ ನೋಡು."

ಅವನು ಇನ್ನೇನಾದರೂ ಕೇಳಬಹುದೆಂದು ಅವಳು ಮೊರ ಹಿಡಿದು ನಿಂತೇ ಇದ್ದಳು. ಅವನಿಗೆ ಮುಜುಗರವಾಯಿತು. ಎತ್ತಿಗೆ ಹುಲ್ಲು ಹಾಕುವ ನೆಪದಲ್ಲಿ ಎದ್ದು ಹೋದ.

ಮಳೆಗಾಲದ ಒಂದು ಮಧ್ಯಾಹ್ನ ಗಾಣಿಗ ಎತ್ತಿಗೆ ನೀರು ಕುಡಿಸಲು ಹೊಳೆಗೆ ಹೋದ. ದಂಡೆಯಲ್ಲಿ ನಾಲ್ಕಾರು ಹೆಂಗಸರಿದ್ದರು. ಅವಳು ಎಲ್ಲರಿಂದ ದೂರ, ನಡುಹೊಳೆಯ ಬಂಡೆಯ ಮೇಲೆ, ಬೆನ್ನು ಹಾಕಿ ಗೋಣಿಚೀಲ ಒಗೆಯುತ್ತಿದ್ದಳು. ಮೇಲಿನ ತಿರುವಿನಲ್ಲಿ ಕೆಂಪು ನೀರು ನುಗ್ಗಿ ಬರುವುದು ಅವನಿಗೆ ಕಂಡಿತು. ಹಳೆಯ ಮಾತು ತುಟಿಗೆ ಬಂತು, ನುಂಗಿಕೊಂಡ. "ಅಮ್ಮಾ!" ಎಂದು ಕೂಗಿದ. ದಂಡೆಯ ಹೆಂಗಸರೆಲ್ಲ ತಿರುಗಿದರು. ಅವಳು ತಿರುಗಲಿಲ್ಲ. ಅವಳನ್ನು ಯಾರೂ ಎಂದೂ ಹಾಗೆ ಕರೆದಿರಲಿಲ್ಲ. ಕೂಗು ಬೇರೆ ಯಾರಿಗೋ ಎಂದುಕೊಂಡು ಗೋಣಿ ಹಿಂಡುತ್ತಲೇ ಇದ್ದಳು. "ಅಮ್ಮಾ, ಅಮ್ಮಾ!" ಎಂದ ಗಾಣಿಗ. ಕಡೆಗೆ ಎದೆ ಬಿರಿಯುವಂತೆ ಆ ಹಳೆಯ ಮಾತನ್ನೇ ಕೂಗಿದ.

ಅವಳು ಥಟ್ಟನೆ ತಿರುಗಿ ನೋಡಿದಳು. ಅಷ್ಟರಲ್ಲಿ ನೀರು ಬಂಡೆಯ ಮೇಲಿತ್ತು.

ಮೂರನೆಯ ದಿನ ಹೆಣ ಸಿಕ್ಕಿತು. ಗೌಡನೇ ಮುಂದೆ ನಿಂತು ಮಣ್ಣು ಮಾಡಿಸಿದ. ಕ್ರಿಯೆ ಮಾಡಲು ಬಂದ ಅಯ್ಯನವರು ಸತ್ತವಳ ಹೆಸರು ಕೇಳಿದರು. ಗೌಡ ಗಾಣಿಗನ ಮುಖ ನೋಡಿದ. ಗಾಣಿಗ ನೆಲ ನೋಡಿದ. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯನವರು ಕಾದು ಕಾದು, ಹೆಸರಿಲ್ಲದೆಯೇ ಮಂತ್ರ ಮುಗಿಸಿದರು. ಗಾಣಿಗನ ಮೇಲೆ ಯಾರೂ ದೂರು ಒಯ್ಯಲಿಲ್ಲ. ಆದರೂ ಅವನು ಒಂದು ತಿಂಗಳು ಊರಬಾವಿಯ ನೀರು ಮುಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ ತಗ್ಗಿದ ದನಿಯಲ್ಲಿ ಕೇಳಿದ:

"ಆಕೆಯ ಹೆಸರೇನಿತ್ತು, ಗುರುಗಳೇ?"

"ಅದನ್ನು ಆಕೆ ಬದುಕಿದ್ದಾಗ ಕೇಳಬೇಕಿತ್ತು," ಎಂದರು ಗುರುಗಳು.