ಕಾದಂಬರಿಕಾರರ ಕೈಗೆ ಬಂದ ಕೂಸು

ಧಾರವಾಡದ ಶೇಷಗಿರಿರಾಯರು ಕಾದಂಬರಿಕಾರರು, ಮದುವೆಯಾಗದವರು. ಅವರ ಮನೆಯ ಅಡುಗೆಯ ಅಂಬಕ್ಕ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ರಜೆ ಕೇಳಿದಳು.

“ನನ್ನ ಕಥೆಯಾಗ ಅಪ್ಪ ಕೂಸು ಎತ್ಕೊಂಡು ನಿಂತಾನ. ಅವಗ ಏನನಸ್ತದ ಅಂತ ಗೊತ್ತಾಗವಲ್ದು. ಸರಿಯಾಗಿ ಹೇಳು, ಆಮ್ಯಾಲೆ ರಜೆ!” ಎಂದು ರಾಯರು ಗದರಿದರು.

ಎಷ್ಟು ಹೇಳಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಮರುದಿನ ಅಂಬಕ್ಕ ಆ ಮೊಮ್ಮಗಳನ್ನೇ ಎತ್ತಿಕೊಂಡು ಬಂದಳು. “ಹಾಲು ಉಕ್ಕಾಕತ್ತದರಿ, ಒಂದೀಟು ಹಿಡೀರಿ,” ಎಂದು ರಾಯರ ಕೈಗಿಟ್ಟು ಅಡುಗೆಮನೆ ಸೇರಿದಳು. ಬೇಕೆಂದೇ ತಡಮಾಡಿದಳು.

ಬಂದು ನೋಡಿದರೆ ಕೂಸು ರಾಯರ ಬೆರಳು ಹಿಡಿದು ಎದೆಗೊರಗಿ ನಿದ್ದೆಹೋಗಿತ್ತು. ಪೆನ್ನು ನೆಲಕ್ಕೆ ಬಿದ್ದಿತ್ತು. ರಾಯರು ಅಲುಗದೆ ಕೂತಿದ್ದರು. ಕಣ್ಣುಗಳು ತುಂಬಿ ಬಂದಿದ್ದವು.

“ಏನನಸ್ತದ ಹೇಳ್ಲೇನ್ರಿ, ರಾಯರ?”

“ಮೆಲ್ಲಗ ಮಾತಾಡು, ಎದ್ದೀತು!” ರಾಯರು ಪಿಸುಗುಟ್ಟಿದರು. “ಎಷ್ಟು ದಿನ ಬೇಕಾದ್ರೂ ರಜೆ ತಗೋ ಅಂಬಕ್ಕ. ಕೂಸು ಇಲ್ಲೇ ಇರಲಿ.”