ಅವ್ವನವರ ಅಂಗೈ

ಪೂಜ್ಯ ಚೆನ್ನಬಸವಾಂಬೆ ತಾಯಿಯವರು ಹಳೇಕುಂಟೆಯ ಪುಟ್ಟ ಮಠದಲ್ಲಿ ನೆಲೆಸಿದ್ದ ಕಾಲ. ಮಠವೆಂದರೆ ತಗಡಿನ ಮಾಡಿನ ಎರಡು ಕೋಣೆ, ಅಂಗಳದಲ್ಲೊಂದು ಬಾವಿ, ಅಷ್ಟೇ. ಭಕ್ತರಾದ ನಾವೆಲ್ಲ ಅವರನ್ನು ಅವ್ವನವರು ಎನ್ನುತ್ತಿದ್ದೆವು. ಊರ ಪಕ್ಕದ ಕೀಟನಾಶಕ ಕಾರ್ಖಾನೆ ಮುಚ್ಚಿದ್ದರೂ ಅದು ನೆಲಕ್ಕೆ ಸುರಿದ ವಿಷ ಉಳಿದಿತ್ತು. ಹೊಲದ ಬೋರುಗಳೆಲ್ಲ ನಾರುತ್ತಿದ್ದವು. ಜನರ ಅಂಗೈ, ಅಂಗಾಲುಗಳಲ್ಲಿ ಜೋಳದ ಕಾಳಿನಂಥ ಗಂಟುಗಳೆದ್ದು ಹುಣ್ಣಾಗುತ್ತಿದ್ದವು. ಅವ್ವನವರು ಒಂದು ಕೋಣೆಯನ್ನು ದವಾಖಾನೆಗೆ ಬಿಟ್ಟುಕೊಟ್ಟು, ಔಷಧವನ್ನು ಬೇಡಿ ತಂದು ಧರ್ಮಾರ್ಥ ಹಂಚುತ್ತಿದ್ದರು.

ನಮ್ಮ ಜನಕ್ಕೆ ಮಾತ್ರೆ ಎಂದರೆ ಅನುಮಾನ. ಅವ್ವನವರ ಪಾದ ತೊಳೆದ ನೀರು, ಆ ಪಾದೋದಕ ಸಿಕ್ಕರೆ ಮಾತ್ರ ನುಂಗುತ್ತೇವೆ ಎಂದು ಹಟ ಹಿಡಿದರು. ಅವ್ವನವರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಮಾತ್ರೆ ಹೊಟ್ಟೆಗೆ ಹೋಗಲಿ ಎಂಬ ಒಂದೇ ಕಾರಣಕ್ಕೆ ಒಪ್ಪಿದರು. ನೀರು ಮಠದ ಬಾವಿಯದು. ಕನ್ನಡಿಯಂತೆ ತಿಳಿ, ಸಿಹಿ.

ಕರಾವಳಿ ಕಡೆಯಿಂದ ಬಂದ ಡಾಕ್ಟರ್ ಸುಧೀಂದ್ರ ಶಾನಭಾಗರಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ವರ್ಷ ದವಾಖಾನೆಯಲ್ಲಿ ಸೇವೆ ಮಾಡಿ ಹೋಗುವೆನೆಂದು ಬಂದವರು ಪಕ್ಕದ ಅವ್ವನವರ ಕೋಣೆಯ ಹೊಸ್ತಿಲು ಸಹ ತುಳಿದವರಲ್ಲ. ಎಷ್ಟು ಮದ್ದು ಕೊಟ್ಟರೂ ಒಬ್ಬರಿಗೂ ಗುಣ ಕಾಣದಿದ್ದಾಗ ಯಾರಿಗೂ ಹೇಳದೆ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದರು. ಒಂದು ಸೋಮವಾರ ವರದಿ ಕೈಗೆ ಬಂತು. ಜಗಳಕ್ಕೆ ಸಿದ್ಧರಾಗಿಯೇ ಅಂಗಳಕ್ಕೆ ಬಂದರು.

"ಊರಲ್ಲಿ ಅತಿ ಹೆಚ್ಚು ವಿಷ ಇರುವುದು ನಿಮ್ಮ ಬಾವಿಯಲ್ಲಿ," ಎಂದರು. "ಬಣ್ಣವಿಲ್ಲ, ವಾಸನೆಯಿಲ್ಲ, ಅಷ್ಟೇ."

ಈ ಮನುಷ್ಯನನ್ನು ಹೊರಗೆ ಹಾಕಬೇಕೆಂದು ನಾನೇ ಎದ್ದು ನಿಂತಿದ್ದೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅವ್ವನವರು ವರದಿಯನ್ನು ಎರಡು ಸಲ ಓದಿದರು. ಆಮೇಲೆ ಮಾತ್ರೆಗಾಗಿ ಸಾಲಿನಲ್ಲಿ ನಿಂತವರ ಕಡೆ ತಿರುಗಿ ಹೇಳಿದರು:

"ಒಂಬತ್ತು ವರ್ಷ ನಿಮಗ ವಿಷಾ ಕುಡಿಸಿದಾಕಿ ನಾನು."

ಸಾಲಿನ ಮೊದಲಲ್ಲಿದ್ದ ನೀಲವ್ವನ ಕಂಕುಳಲ್ಲಿ ಐದು ವರ್ಷದ ಮಗಳಿದ್ದಳು. ಕೂಸಿನ ಎರಡೂ ಕೈ ಹುಣ್ಣು. ಪಾದೋದಕದ ಲೋಟ ಆಗಲೇ ನೀಲವ್ವನ ಕೈಯಲ್ಲಿತ್ತು.

"ನಿಮ್ಮ ಪಾದ ಸೋಕಿದ ನೀರು ವಿಷ ಆಗೂದಿಲ್ಲ ಬಿಡ್ರಿ ಅವ್ವಾ," ಎಂದವಳೇ ಲೋಟವನ್ನು ಕೂಸಿನ ತುಟಿಗೆ ಹಿಡಿದಳು.

ಅವ್ವನವರು ಓಡಿ ಬಂದು ಅವಳ ಕೈಗೆ ಹೊಡೆದರು. ಲೋಟ ಕಲ್ಲಿನ ಮೇಲೆ ಬಿದ್ದು ಉರುಳಿತು. ಇರುವೆಯನ್ನೂ ತುಳಿಯದೆ ನಡೆಯುವ ಅವ್ವನವರು ಕೈ ಎತ್ತಿದ್ದನ್ನು ನಾವು ಅಂದೇ ಮೊದಲು ಕಂಡದ್ದು. ಅವರ ಅಂಗೈಯನ್ನು ಕಂಡದ್ದೂ ಅಂದೇ. ಸದಾ ಕಾವಿಯ ಸೆರಗಿನೊಳಗೆ ಇರುತ್ತಿದ್ದ ಆ ಅಂಗೈ ತುಂಬ ಗಂಟುಗಳಿದ್ದವು, ಬಿರುಕುಗಳಲ್ಲಿ ರಕ್ತವಿತ್ತು. ಎಲ್ಲರಿಗಿಂತ ಹೆಚ್ಚು ಆ ನೀರನ್ನು ಕುಡಿದವರು ಅವರೇ.

ಹತ್ತು ತಿಂಗಳು ದಿನವೂ ಎದುರಿಗಿದ್ದ ರೋಗಿಯನ್ನು ಶಾನಭಾಗರು ನೋಡಿರಲೇ ಇಲ್ಲ.

"ಯಾಕೆ ತೋರಿಸಲಿಲ್ಲ ತಾಯಿ?" ಎನ್ನುತ್ತ ಬಗ್ಗಿ ಕೈ ಹಿಡಿದರು.

"ನನ್ನ ಕೈ ನೋಡೂದ್ರಾಗ ಇನ್ನೊಬ್ಬರ ಸರತಿ ಹೋಗ್ತಿತ್ತು. ಮೊದಲು ಆ ಕೂಸಿನ್ನ ನೋಡ್ರಿ," ಎಂದು ಅವ್ವನವರು ಕೈ ಬಿಡಿಸಿಕೊಂಡರು.

ಅಂದೇ ಬಾವಿಗೆ ಹಲಗೆ ಬಡಿಸಿದರು. ಮರುದಿನ ದೂರದ ಊರಿನಿಂದ ಟ್ಯಾಂಕರ್ ಬಂತು. ಪಾದೋದಕವಿಲ್ಲದೆ ಮಾತ್ರೆ ನುಂಗುವುದು ಹೇಗೆಂದು ಜನ ಮಾತ್ರೆ ಹಿಡಿದು ನಿಂತೇ ಇದ್ದರು. ಅವ್ವನವರು ತಮ್ಮ ಕೋಣೆಯ ಹೊಸ್ತಿಲೊಳಗೆ ನಿಂತು ಲೋಟ ತುಂಬಿ, "ಇದು ಬರೇ ನೀರು. ನಂಬಿ ಕುಡೀರಿ," ಎಂದರು. ಯಾರೂ ಮುಂದೆ ಬರಲಿಲ್ಲ. ಆಗ ಶಾನಭಾಗರು ಚಪ್ಪಲಿ ಕಳಚಿ, ಎಂದೂ ದಾಟದ ಹೊಸ್ತಿಲು ದಾಟಿ ಬಂದು, ಎರಡೂ ಕೈ ಒಡ್ಡಿ ಆ ನೀರನ್ನು ಕುಡಿದರು. ಅವರ ಹಿಂದೆಯೇ ನೀಲವ್ವ ಬಂದಳು.

ಕೂಸಿನ ಕೈ ಎರಡು ವರ್ಷಕ್ಕೆ ಮಾಯಿತು. ಅವ್ವನವರದು ಮಾಯಲಿಲ್ಲ, ಆದರೆ ಅದನ್ನು ಅವರು ಮತ್ತೆ ಸೆರಗಿನೊಳಗೆ ಇಡಲಿಲ್ಲ. ಒಂದು ವರ್ಷಕ್ಕೆಂದು ಬಂದ ಶಾನಭಾಗರು ಹಳೇಕುಂಟೆಯಲ್ಲೇ ಉಳಿದರು. ದಿನವೂ ಸಂಜೆ, ಸಾಲಿನ ಕೊನೆಯ ರೋಗಿ ಹೋದ ಮೇಲೆ, ಅವ್ವನವರ ಎದುರು ನೆಲದ ಮೇಲೆ ಕುಳಿತು, "ಈಗ ನಿಮ್ಮ ಸರತಿ ಅವ್ವಾ," ಎನ್ನುತ್ತಿದ್ದರು.