ಲೋಬೊಗಳೆಲ್ಲ ಒಂದೇ ಖಾತೆಗೆ

ಮಂಗಳೂರಿನಲ್ಲಿ ನಮ್ಮ ಮನೆತನ ಮೂರು ತಲೆಮಾರಿನಿಂದ ಮರಗೆಲಸದ ಕಾರ್ಖಾನೆ ನಡೆಸುತ್ತಿದೆ. ಇಲ್ಲಿ ಯಾರೂ ಯಾರ ಮೇಲೂ ದನಿ ಏರಿಸಿದ್ದಿಲ್ಲ. ಹೊಸ ಮ್ಯಾನೇಜರ್ ಲೋಬೊ ಮಾತ್ರ ಮರಗೆಲಸದ ಆಚಾರಿಗಳೆಲ್ಲರ ಎದುರೇ ಗುಮಾಸ್ತೆ ಸೆಲಿನ್‌ಗೆ ಗದರಿದರು: "ಪ್ರತಿ ಆರ್ಡರೂ ಕಂಪ್ಯೂಟರಿನಲ್ಲಿ ತಾನಾಗಿ ಗ್ರಾಹಕರ ಖಾತೆಗೆ ಸೇರಬೇಕು. ಸರ್‌ನೇಮ್ ನೋಡಿ ಜೋಡಿಸು."

"ಫೋನ್ ನಂಬರ್ ನೋಡಿ ಜೋಡಿಸೋಣ, ಸರ್. ಒಂದೇ ಸರ್‌ನೇಮಿನವರು ಊರಲ್ಲಿ ಬಹಳ."

"ನನಗೆ ಕಲಿಸಬೇಡ, ದಡ್ಡಿ. ಆಗದಿದ್ದರೆ ನಾಳೆಯಿಂದ ಬರಬೇಡ."

ಸೆಲಿನ್ ಪ್ರೋಗ್ರಾಂ ಬರೆದಳು. ಮ್ಯಾನೇಜರರೂ ನಮ್ಮಲ್ಲಿ ಕಪಾಟು ಮಾಡಿಸುತ್ತಿದ್ದರಿಂದ, ಮೊದಲು ಲೋಬೊ ಹೆಸರಿನ ಮೇಲೆಯೇ ಅದನ್ನು ಓಡಿಸಿದಳು.

"ಸರ್, ನಿಮ್ಮ ಖಾತೆಯಲ್ಲೀಗ ಕಪಾಟಿನ ಜೊತೆ ಕೋಳಿಗೂಡು, ತೊಟ್ಟಿಲು, ಶವಪೆಟ್ಟಿಗೆ ಇವೆ. ಮನೆಗೆ ಮೊದಲು ಯಾವುದನ್ನು ಕಳುಹಿಸಲಿ?"

ಆಚಾರಿಗಳು ನಕ್ಕರು. ಲೋಬೊ ಕನ್ನಡಕ ಒರೆಸಿಕೊಂಡು, "ಫೋನ್ ನಂಬರೇ ಇರಲಿ" ಎಂದರು.

ನನಗೆ ಅಷ್ಟು ಸಾಲದು. ಎಲ್ಲರೆದುರು ದಡ್ಡಿ ಎಂದವರು ಎಲ್ಲರೆದುರೇ ಸೆಲಿನ್‌ಳ ಕ್ಷಮೆ ಕೇಳಬೇಕು.